ಸೊಂಟದುದ್ದ ಹುಲ್ಲು

ಬೆಳಗಿನ ಆರೂವರೆಗೆ ಡೇರಿಯ ಬಾಗಿಲು ತೆರೆಯುವ ಹೊತ್ತಿಗೆ ಕಟ್ಟೆಯ ಮೇಲೆ ಹತ್ತು ಹದಿನೈದು ಕ್ಯಾನುಗಳು ಸಾಲಾಗಿ ಕೂತಿರುತ್ತಿದ್ದವು. ಕ್ಯಾನುಗಳ ಒಡತಿಯರು ಪಕ್ಕದ ಹುಣಸೆಮರದ ಕೆಳಗೆ ನಿಂತು, ಊರಿನ ಸಮಾಚಾರವನ್ನೆಲ್ಲ ಆಗಲೇ ಒಂದು ಸುತ್ತು ಮುಗಿಸಿರುತ್ತಿದ್ದರು. ಎಮ್ಮೆದೊಡ್ಡಿ ಕಾವಲೆಂಬ ಹುಲ್ಲುಗಾವಲಿನ ಬೇಲಿಗೆ ಅಂಟಿಕೊಂಡ ಈ ಊರಿನಲ್ಲಿ ಹಾಲಿನ ಸಂಘ ಹೆಂಗಸರದು. ಅದರ ಕಾರ್ಯದರ್ಶಿ ಶಕುಂತಲಮ್ಮ. ಹಾಲು ಅಳೆಯುವವಳೂ ಅವಳೇ, ಪರೀಕ್ಷೆ ಮಾಡುವವಳೂ ಅವಳೇ, ಬೆಕ್ಕು ಬಂದರೆ ಓಡಿಸುವವಳೂ ಅವಳೇ. ಹನ್ನೆರಡು ವರ್ಷದಲ್ಲಿ ಒಂದು ದಿನವೂ ಅವಳ ಕೈ ತಪ್ಪು ಅಳೆದಿದೆ ಎಂದು ಯಾರೂ ಅಂದಿರಲಿಲ್ಲ.

ಆ ಡೇರಿಯಲ್ಲಿ ಒಂದು ರೂಢಿ ಮಾತ್ರ ಯಾವ ಸುತ್ತೋಲೆಗೂ ಬಗ್ಗಿರಲಿಲ್ಲ. ಕಾವಲಿನಲ್ಲಿ ಮೇದು ಬಂದ ಹಸುವಿನ ಹಾಲಿಗೆ ಅಲ್ಲಿ ಕಡ್ಡಿ ಇಡುತ್ತಿರಲಿಲ್ಲ. ಕಡ್ಡಿ ಎಂದರೆ ಲ್ಯಾಕ್ಟೋಮೀಟರ್. ಹಾಲಿನಲ್ಲಿ ತೇಲಿಬಿಟ್ಟರೆ ಗಟ್ಟಿಯೋ ತೆಳುವೋ ಹೇಳುವ ಗಾಜಿನ ಕೊಳವೆ; ಹಾಲು ತೆಳುವಾದಷ್ಟೂ ಆಳಕ್ಕೆ ಮುಳುಗುತ್ತದೆ. ಸೀಮೆಹಸುವಿನ ಹಾಲಿಗೆ, ಕೊಟ್ಟಿಗೆಯಲ್ಲಿ ಹಿಂಡಿ ತಿಂದ ಹಸುವಿನ ಹಾಲಿಗೆ ಇಡಬಹುದು. ಕಾವಲಿನ ಹಾಲಿಗೆ ಇಟ್ಟರೆ ಅದು ಆ ಮನೆಯವರ ಮುಖಕ್ಕೆ ಉಗುಳಿದ ಹಾಗೆ. ಹಿಂದೆ ಊರಿನ ಅರ್ಧ ಹಸುಗಳು ಕಾವಲಿನ ಅಂಚಿನಲ್ಲೇ ಮೇಯುತ್ತಿದ್ದವು. ಬರಬರುತ್ತ ಒಬ್ಬೊಬ್ಬರೇ ಸೀಮೆಹಸು ಕಟ್ಟಿ ಜೋಳದ ಮೇವು ಬೆಳೆದುಕೊಂಡರು. ಕೊನೆಗೆ ಕಾವಲನ್ನೇ ನಂಬಿ ಉಳಿದವಳು ಕರಿಯಮ್ಮ ಒಬ್ಬಳೇ. ಅರವತ್ತು ದಾಟಿದ ವಿಧವೆ. ಕೆಂದಿ, ಕೌಲಿ ಎಂಬ ಎರಡು ನಾಟಿ ಹಸು ಅವಳ ಸಂಸಾರ. ದಿನವೂ ಅವಳು ತರುವ ಎರಡೂವರೆ ಲೀಟರು ಹಾಲು ನೇರವಾಗಿ ದೊಡ್ಡ ಕ್ಯಾನಿಗೆ ಬೀಳುತ್ತಿತ್ತು. ಅದರ ಹೆಮ್ಮೆ ಅವಳಿಗೆ ಸಣ್ಣದಾಗಿರಲಿಲ್ಲ.

ಆ ವರ್ಷ ಹಿಂಗಾರು ಚೆನ್ನಾಗಿ ಹಿಡಿದು ಕಾವಲಿನ ಹುಲ್ಲು ಸೊಂಟಕ್ಕೆ ಬಂದಿತ್ತು. ಅಂಥ ಹುಲ್ಲನ್ನು ಇಪ್ಪತ್ತು ವರ್ಷದಿಂದ ನೋಡಿಲ್ಲ ಎಂದು ಹಿರಿಯರು ಬೇಲಿಯ ಹತ್ತಿರ ನಿಂತು ಕಣ್ಣು ತುಂಬಿಕೊಳ್ಳುತ್ತಿದ್ದರು. ಅದೇ ಕಾರ್ತಿಕದ ಒಂದು ಬೆಳಿಗ್ಗೆ, ಕಡೂರಿನಿಂದ ಹಾಲಿನ ಲಾರಿಯ ಜೊತೆ ಬರುವ ಸೂಪರ್‌ವೈಸರ್ ಸಿದ್ದೇಶ್ ಒಂದು ಕಾಗದ ಕೊಟ್ಟು, "ಮೇಡಂ, ಮೇಲಿನವರ ಆರ್ಡರ್. ಇನ್ಮೇಲೆ ಒಬ್ಬರನ್ನೂ ಬಿಡದೆ ಟೆಸ್ಟ್ ಮಾಡ್ಬೇಕು. ರೂಢಿ ಗೀಢಿ ನಡೆಯಲ್ಲ," ಎಂದು ಹೋದ.

ಮರುದಿನ ಕರಿಯಮ್ಮನ ಸರದಿ ಬಂದಾಗ ಶಕುಂತಲಮ್ಮ ಮುಜುಗರದಿಂದಲೇ ಅಂದಳು. "ತಪ್ಪು ತಿಳ್ಕೋಬ್ಯಾಡ ಕರಿಯಕ್ಕ. ಎಲ್ಲಾರ್ದೂ ನೋಡ್ಬೇಕಂತೆ. ಶಾಸ್ತ್ರಕ್ಕೆ ಒಂದ್ಸಲ ಇಟ್ಬಿಡ್ತೀನಿ."

"ಇಡವ್ವಾ. ನಂಗೇನು? ಕಡ್ಡಿ ಮುರ್ಕಂಡ್ರೆ ನನ್ನ ಕೇಳ್ಬ್ಯಾಡ, ನಮ್ ಕೆಂದಿ ಹಾಲು ಅಷ್ಟು ಗಟ್ಟಿ," ಎಂದು ಕರಿಯಮ್ಮ ನಕ್ಕಳು. ಸುತ್ತಲಿದ್ದವರೂ ನಕ್ಕರು.

ಕಡ್ಡಿ ಇಳಿಯಿತು. ಇಪ್ಪತ್ತೆಂಟರ ಗೆರೆಯಲ್ಲಿ ನಿಲ್ಲಬೇಕಾದದ್ದು ನಿಲ್ಲದೆ ಇಪ್ಪತ್ತನಾಲ್ಕರವರೆಗೂ ಮುಳುಗಿತು. ಶಕುಂತಲಮ್ಮ ಅದನ್ನು ಎತ್ತಿ ಒರೆಸಿ ಮತ್ತೆ ಇಟ್ಟಳು. ಮತ್ತೆ ಅಲ್ಲೇ ನಿಂತಿತು.

"ಏನ್ ಶಕುಂತಲಕ್ಕ, ಕಡ್ಡಿ ಮುಳುಗಿ ಸ್ನಾನ ಮಾಡ್ತಾ ಐತಾ?" ಎಂದವಳು ಸಂಘದ ಅಧ್ಯಕ್ಷೆ ಯಶೋದಾ. ಕೆಟ್ಟವಳಲ್ಲ, ಆದರೆ ನಾಲಿಗೆಗೆ ಕಡಿವಾಣವಿಲ್ಲ. ಹತ್ತಿರ ಬಂದು ಗೆರೆ ನೋಡಿದ ಮೇಲೆ ಅವಳ ಮುಖದ ತಮಾಷೆ ಇಳಿಯಿತು.

"ಕರಿಯಕ್ಕ, ನೀರು ಬೆರ್ಸಿದ್ಯಾ?"

ಕರಿಯಮ್ಮನಿಗೆ ಪ್ರಶ್ನೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಯಾರು? ನಾನಾ?" ಎಂದಳು. "ನನ್ನ ಕೈಯಿ ಸೇದೋಗ, ನೀರು ಯಾಕೆ ಬೆರ್ಸಲಿ? ಹಾಲು ತೆಳ್ಳಗಾಗೈತೆ ಅಂತ ನಂಗೂ ಗೊತ್ತು ಕಣ್ರೇ. ಹಸಗಳು ಹೊಟ್ಟೆ ಬಿರಿಯ ಮೇಯ್ತಾವೆ, ಆದ್ರೂ ಮೂಳೆ ಕಾಣ್ತಾವೆ. ಆ ಹುಲ್ಲು ಬರೀ ನಾರು. ಅಗುದ್ರೆ ಸಪ್ಪಗೈತೆ."

"ಬರಗಾಲದಲ್ಲಿ ಈ ಮಾತು ಹೇಳಿದ್ರೆ ನಂಬ್ತಿದ್ವಿ ಕರಿಯಕ್ಕ," ಎಂದಳು ಯಶೋದಾ. "ಸೊಂಟದುದ್ದ ಹುಲ್ಲು ನಿಂತೈತೆ, ಕಣ್ಣಿಗೆ ಕಾಣ್ತಾ ಐತೆ. ಅದನ್ನ ಮೇದು ಹಾಲು ತೆಳ್ಳಗಾಯ್ತು ಅಂದ್ರೆ ಯಾರು ನಂಬ್ತಾರೆ ಹೇಳು."

ಈ ಊರಿನವರು ತಲೆತಲಾಂತರದಿಂದ ಹುಲ್ಲಿನ ಎತ್ತರದಲ್ಲೇ ವರ್ಷವನ್ನು ಅಳೆದವರು. ಹುಲ್ಲು ಹಿಮ್ಮಡಿ ಮುಚ್ಚಿದರೆ ಬರ, ಮೊಣಕಾಲಿಗೆ ಬಂದರೆ ಪರವಾಗಿಲ್ಲ, ಸೊಂಟ ಮುಟ್ಟಿದರೆ ಸುಗ್ಗಿ. ಅದಕ್ಕಿಂತ ಹೆಚ್ಚಿನ ಅಳತೆ ಅವರಿಗೆ ಬೇಕಾಗಿರಲಿಲ್ಲ. ಸುಗ್ಗಿಯ ವರ್ಷದಲ್ಲಿ ಹಾಲು ತೆಳುವಾದರೆ ತಪ್ಪು ಹುಲ್ಲಿನದಾಗಲು ಸಾಧ್ಯವೇ ಇಲ್ಲ. ಹಾಗಿದ್ದಮೇಲೆ ತಪ್ಪು ಕೈಯದು. ಇಷ್ಟು ಸರಳವಾದ ತರ್ಕದಿಂದ ಒಬ್ಬ ಮುದುಕಿ ಕಳ್ಳಿಯಾಗಿಹೋದಳು.

ಇಂಥ ಸಂಶಯ ಬಂದಾಗ ಸಂಘದಲ್ಲಿ ಎದುರು ಕರೆಸುವ ಪದ್ಧತಿ ಇದೆ. ನಾಲ್ಕು ಜನ ಆ ಮನೆಗೆ ಹೋಗಿ, ತಮ್ಮ ಕಣ್ಣೆದುರಿಗೆ ಹಸು ಕರೆಸಿ, ಅಲ್ಲೇ ಕಡ್ಡಿ ಇಟ್ಟು ನೋಡುವುದು. ಕರಿಯಮ್ಮನೇ ಅದನ್ನು ಕೇಳಿದಳು. "ನಾಳೆ ಬೆಳಿಗ್ಗೆ ಬನ್ರಿ. ನಿಮ್ಮ ಮುಂದೇನೇ ಕರೀತೀನಿ," ಎಂದಳು.

ಶಕುಂತಲಮ್ಮ, ಯಶೋದಾ ಸೇರಿ ನಾಲ್ವರು ಹೋದರು. ಆದರೆ ಕಾವಲಿನ ನಾಟಿ ಹಸು ಸೀಮೆಹಸುವಿನ ಹಾಗಲ್ಲ; ಗುರುತಿಲ್ಲದ ಸೀರೆ ಕಂಡರೂ ಬೆದರುತ್ತದೆ. ಕೆಂದಿ ಕಿವಿ ನಿಗುರಿಸಿ ಕಾಲು ಝಾಡಿಸಿತು. ಕರು ಬಿಟ್ಟರೂ ಹಾಲಿಳಿಸಲಿಲ್ಲ. ಕೌಲಿಯದೂ ಅದೇ ಕಥೆ. ಕರಿಯಮ್ಮ ಹಸುವಿನ ಕೊರಳು ನೇವರಿಸಿದಳು, ಬೈದಳು, ಬೇಡಿಕೊಂಡಳು. ಅರ್ಧ ಗಂಟೆಗೆ ತಂಬಿಗೆಯ ತಳ ಮುಚ್ಚುವಷ್ಟು ಹಾಲು ಬಂತು. ಅಷ್ಟು ಹಾಲಿನಲ್ಲಿ ಕಡ್ಡಿ ತೇಲುವುದಿಲ್ಲ.

"ಬೇಕಂತ್ಲೇ ಹಾಲು ಏರಿಸ್ಕಂಡೈತೆ ನೋಡು, ಒಡತಿ ಮಾನ ಕಾಯೋಕೆ," ಎಂದು ಬಂದವರಲ್ಲಿ ಒಬ್ಬಳು ಪಿಸುಗುಟ್ಟಿದಳು. ಪಿಸುಮಾತು ಕರಿಯಮ್ಮನ ಕಿವಿಗೆ ಬಿತ್ತು. ಅವಳು ಎದ್ದು, ಸೆರಗಿನಲ್ಲಿ ಕೈ ಒರೆಸಿಕೊಂಡು, ಶಕುಂತಲಮ್ಮನ ಎದುರು ನಿಂತಳು.

"ಅವ್ರೆಲ್ಲ ಏನಾದ್ರೂ ಅಂದ್ಕಳ್ಳಿ. ನೀನೇನಂತೀಯ ಶಕುಂತಲಾ?"

ಶಕುಂತಲಮ್ಮನ ಮಗಳು ಸ್ಫೂರ್ತಿ ಹುಟ್ಟಿದಾಗ ತಾಯಿಗೆ ಎದೆಹಾಲು ಸಾಲದೆ ಮಗು ಒಣಗಿಹೋಗಿತ್ತು. ಆಗ ಒಂದು ವರ್ಷ, ಮಳೆಯಿರಲಿ ಚಳಿಯಿರಲಿ, ದಿನಾ ಬೆಳಿಗ್ಗೆ ಒಂದು ಚೊಂಬು ಕಾವಲಿನ ಹಾಲು ತಂದು ಹೊಸಿಲ ಮೇಲಿಟ್ಟು ಹೋದವಳು ಕರಿಯಮ್ಮ. ಆ ಮಗು ಬದುಕಿ, ಬೆಳೆದು, ಮದುವೆಯಾಗಿ ಈಗ ತರೀಕೆರೆಯಲ್ಲಿದೆ. ಇದೆಲ್ಲ ಶಕುಂತಲಮ್ಮನಿಗೆ ನೆನಪಾಗಲಿಲ್ಲವೇ? ಆಯಿತು. ಆದರೆ ಯಶೋದಾ ಪಕ್ಕದಲ್ಲಿದ್ದಳು, ಚೀಲದಲ್ಲಿ ಮೇಲಿನವರ ಕಾಗದವಿತ್ತು. ಹನ್ನೆರಡು ವರ್ಷ ತಪ್ಪದೆ ಅಳೆದ ಹೆಸರೂ ಅವಳಿಗಿತ್ತು.

"ಕಡ್ಡಿ ಸುಳ್ಳು ಹೇಳಲ್ಲ ಕರಿಯಕ್ಕ," ಎಂದಳು ನೆಲ ನೋಡುತ್ತ.

ಕರಿಯಮ್ಮ ತಂಬಿಗೆ ಎತ್ತಿಕೊಂಡು ಒಳಗೆ ಹೋದಳು. ಡೇರಿಯಲ್ಲಿ ಅವಳ ಹಾಲನ್ನು ನಿಲ್ಲಿಸಿದರು. ಊರಿನಲ್ಲಿ ಅವಳಿಗೆ 'ನೀರಕ್ಕ' ಎಂಬ ಹೆಸರು ಬಿತ್ತು. ಯಾರೂ ಕೂಡಿ ಮಾತಾಡಿ ಇಟ್ಟದ್ದಲ್ಲ, ಅಂಥ ಹೆಸರುಗಳು ತಾವಾಗಿಯೇ ಹುಟ್ಟುತ್ತವೆ. ಕೊಳಾಯಿಯ ಹತ್ತಿರ ಅವಳು ಬಿಂದಿಗೆ ಇಟ್ಟರೆ, "ಜಾಸ್ತಿ ಹಿಡ್ಕೊ ನೀರಕ್ಕ, ಬೇಕಾಗ್ತದೆ," ಎಂದು ಯಾರೋ ಅಂದು ಎಲ್ಲರೂ ನಗುವರು. ಮೂರನೆಯ ವಾರ ಅವಳು ಎರಡೂ ಹಸುಗಳನ್ನು ಹೊಡೆದುಕೊಂಡು ಸಂತೆಗೆ ಹೋದಳು. ಪಕ್ಕೆ ಎಲುಬು ಎದ್ದುಕಾಣುವ ಹಸುಗಳನ್ನು ಸಾಕಲು ಯಾರೂ ಕೊಳ್ಳುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು, ನೋಡಿದವರಿಗೂ ಗೊತ್ತಿತ್ತು. ಬರಿಯ ಹಗ್ಗ ಹಿಡಿದು ಊರಿಗೆ ಬಂದವಳು ಮರುದಿನವೇ ಮನೆಗೆ ಬೀಗ ಹಾಕಿ ಅಜ್ಜಂಪುರದ ಮಗಳ ಮನೆಗೆ ಹೊರಟುಹೋದಳು.

ಶಕುಂತಲಮ್ಮ ಬಸ್ಸಿನವರೆಗೂ ಹೋಗಲಿಲ್ಲ. ತೋಟದಲ್ಲಿ ಕೆಲಸವಿತ್ತು ಎಂದು ತನಗೆ ತಾನೇ ಹೇಳಿಕೊಂಡಳು.

ತೋಟದಲ್ಲಿ ಕೆಲಸವಿದ್ದದ್ದು ನಿಜ. ಅವಳ ಗಂಡ ಕೆಂಚಪ್ಪ ತೆಂಗಿನ ತೋಟದ ತುದಿಯಲ್ಲಿ, ಕಾವಲಿನ ಬೇಲಿಯ ಪಕ್ಕದಲ್ಲೇ, ಆರು ಗುಂಡಿ ತೋಡಿಸಿ ತೆಂಗಿನ ಚಿಪ್ಪು ಸುಟ್ಟು ಇದ್ದಿಲು ಮಾಡಿಸುತ್ತಿದ್ದ. ಕೊಬ್ಬರಿ ತೆಗೆದ ಚಿಪ್ಪು ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರಿನಲ್ಲಿ ಬರುತ್ತಿತ್ತು. ಗುಂಡಿಗೆ ತುಂಬಿ, ಬೆಂಕಿ ಹಾಕಿ, ಮೇಲೆ ತಗಡು ಮುಚ್ಚಿದರೆ ಒಳಗೇ ಕನಲಿ ಕನಲಿ ಉರಿಯುತ್ತದೆ. ಆಗ ಏಳುವ ಹೊಗೆ ಹಳದಿ ಬೆರೆತ ಬಿಳಿ, ಗಂಟಲಿಗೆ ಅಂಟುವಂಥದು. ಚಳಿಗಾಲದ ಬೆಳಿಗ್ಗೆ ಅದು ಮೇಲೇಳದೆ ಬೇಲಿ ದಾಟಿ ಕಾವಲಿನ ಹುಲ್ಲಿನ ಮೇಲೆಯೇ ಹಾಸಿಕೊಳ್ಳುತ್ತಿತ್ತು. ಎಂಟು ವರ್ಷದಿಂದ ನಡೆದದ್ದು. ಶಕುಂತಲಮ್ಮನಿಗೆ ಅದರ ವಾಸನೆಯೂ ಈಗ ಗೊತ್ತಾಗುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಬೆನ್ನಿಗೆ ಚೀಲ ಹಾಕಿಕೊಂಡ ಹುಡುಗಿಯೊಬ್ಬಳು ಡೇರಿಗೆ ಬಂದಳು. ಹೆಸರು ರುಬೀನಾ, ಕಡೂರು ಪೇಟೆಯವಳು. ಹುಲ್ಲುಗಾವಲಿನ ಗಿಡಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ಅನುಮತಿ ಪಡೆದು ಎರಡು ವರ್ಷದಿಂದ ಕಾವಲಿನಲ್ಲಿ ಅಲ್ಲಲ್ಲಿ ದನ ಬಾಯಿ ಹಾಕದಂತೆ ತಂತಿಯ ಪಂಜರ ಇಟ್ಟು, ಒಳಗಿನ ಹುಲ್ಲು ಕೊಯ್ದು ತೂಗಿ, ಒಣಗಿಸಿ ಲ್ಯಾಬಿಗೆ ಕಳಿಸುತ್ತಿದ್ದಳಂತೆ. ಅವಳ ತಕ್ಕಡಿ ಕೆಟ್ಟಿತ್ತು. "ಅಮ್ಮ, ಒಂದು ಗಂಟೆ ನಿಮ್ಮ ತೂಕದ ಮಿಷನ್ ಉಪಯೋಗಿಸ್ಕೋಬಹುದಾ?" ಎಂದು ಕೇಳಿದಳು.

ಹಾಲಿನ ಲಾರಿ ಹೋಗಿತ್ತು, ಡೇರಿ ಖಾಲಿಯಿತ್ತು. ಶಕುಂತಲಮ್ಮ ಒಪ್ಪಿ, ಟೀ ಕೊಟ್ಟು, ಪಕ್ಕದಲ್ಲಿ ಕೂತಳು. ಹುಡುಗಿ ಹುಲ್ಲಿನ ಕಟ್ಟುಗಳನ್ನು ಒಂದೊಂದಾಗಿ ಇಟ್ಟು ಬರೆದುಕೊಳ್ಳುತ್ತಿದ್ದಳು.

"ಈ ವರ್ಷ ನಿನ್ನ ಕೆಲಸ ಜೋರು ಕಣಮ್ಮ. ಸೊಂಟದುದ್ದ ಬಂದೈತಲ್ಲ."

"ಬಂದಿದೆ ಅಮ್ಮ. ನೋಡೋಕೆ ಚೆನ್ನಾಗಿದೆ. ಒಳಗೆ ಏನೂ ಇಲ್ಲ."

"ಹಂಗಂದ್ರೆ?"

ರುಬೀನಾ ಪೆನ್ನು ಕೆಳಗಿಟ್ಟಳು. ಯಾರಾದರೂ ಕೇಳಲಿ ಎಂದೇ ಕಾದಿದ್ದವಳ ಹಾಗೆ ಹೇಳತೊಡಗಿದಳು. "ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ವರ್ಷದಿಂದ ವರ್ಷಕ್ಕೆ ಜಾಸ್ತಿ ಆಗ್ತಿದೆ. ನಾವು ಏನೇನು ಸುಡ್ತೀವೋ ಅದೆಲ್ಲ ಅಲ್ಲಿಗೇ ಹೋಗೋದು. ಗಿಡಕ್ಕೆ ಅದು ಊಟ. ಜಾಸ್ತಿ ಸಿಕ್ಕಿದ್ರೆ ಮೈ ಬರುತ್ತೆ. ಆದ್ರೆ ಮಣ್ಣಿಂದ ಬರೋ ಸತ್ವ ಮೊದಲಿನಷ್ಟೇ. ಇದ್ದ ಸತ್ವಾನೇ ಅಷ್ಟು ದೊಡ್ಡ ಮೈಗೆ ಹಂಚ್ಕೋಬೇಕು."

"ನಾಕು ಜನದ ಸಾರಿಗೆ ನೀರು ಹುಯ್ದು ಹತ್ತು ಜನಕ್ಕೆ ಬಡಿಸ್ದಂಗೆ," ಎಂದಳು ಶಕುಂತಲಮ್ಮ.

"ಹಾಗೇ ಅಮ್ಮ! ಆದ್ರೆ ಎಲ್ಲಾ ಗಿಡಕ್ಕೂ ಒಂದೇ ಥರ ಅಲ್ಲ. ಪೊದೆಗಳಿಗೆ, ಕಾಂಗ್ರೆಸ್ ಗಿಡಕ್ಕೆ ಈ ಗಾಳಿ ಹಬ್ಬ. ಉದ್ದ ಬೆಳೆಯೋವು ನೆರಳು ಮಾಡಿ ಕೆಳಗಿನ ಚಿಕ್ಕ ಗಿಡಗಳನ್ನ ಕೊಂದುಹಾಕ್ತಿವೆ. ಹುಲ್ಲಿನ ನಡುವೆ ನೆಲಕ್ಕೆ ಅಂಟ್ಕೊಂಡು ಕಾಡುಹುರುಳಿ ಥರದ ಬಳ್ಳಿಗಳು ಇರ್ತಿದ್ವಲ್ಲ, ಹಸುಗಳಿಗೆ ನಿಜವಾದ ಶಕ್ತಿ ಅದರಲ್ಲಿತ್ತು. ಈ ಕಟ್ಟು ಕೊಯ್ದ ಪಂಜರದಲ್ಲಿ ಹೋದ ವರ್ಷ ಹನ್ನೊಂದು ಬಳ್ಳಿ ಎಣಿಸಿದ್ದೆ. ಈ ವರ್ಷ ಒಂದೂ ಇಲ್ಲ."

ಅವಳು ಇನ್ನೊಂದು ಕಟ್ಟು ಬಿಚ್ಚಿ, ಒಂದು ಗರಿ ತೆಗೆದು, ಬಿಳಿ ಕಾಗದದ ಕರವಸ್ತ್ರದಿಂದ ಒರೆಸಿದಳು. ಕಾಗದದ ಮೇಲೆ ಕಾಡಿಗೆಯಂಥ ಗೆರೆ ಮೂಡಿತು.

"ಇದು ಬೇಲಿ ಪಕ್ಕದ್ದು. ಅಲ್ಲಿ ಯಾರೋ ಚಿಪ್ಪು ಸುಡ್ತಾರಲ್ಲ, ಆ ಮಸಿ. ಎಲೆಗೆ ಬಿಸಿಲು ತಾಗಲ್ಲ, ಉಸಿರಾಡೋ ರಂಧ್ರ ಮುಚ್ಚಿಹೋಗುತ್ತೆ. ನನ್ನ ಎಲ್ಲಾ ಪಂಜರದಲ್ಲೂ ಸತ್ವ ಕಮ್ಮಿ ಇದೆ. ಬೇಲಿ ಪಕ್ಕದ್ದು ಎಲ್ಲಕ್ಕಿಂತ ಕಮ್ಮಿ." ಆ ಗುಂಡಿ ಯಾರದೆಂದು ಪಾಪ ಅವಳಿಗೆ ಗೊತ್ತಿರಲಿಲ್ಲ.

ಶಕುಂತಲಮ್ಮ ಆ ಗರಿಯನ್ನು ಕೈಗೆ ತೆಗೆದುಕೊಂಡಳು. ಕರಿಯಮ್ಮ ಹಸು ಬಿಡುತ್ತಿದ್ದದ್ದು ಅಲ್ಲೇ. ಮಂಡಿನೋವಿನಿಂದ ಅವಳಿಗೆ ಕಾವಲಿನ ಒಳಗೆ ದೂರ ನಡೆಯಲಾಗುತ್ತಿರಲಿಲ್ಲ.

"ಇದನ್ನೇ ಮೇದ ಹಸುವಿನ ಹಾಲು?"

"ತೆಳ್ಳಗಾಗುತ್ತೆ. ಲ್ಯಾಕ್ಟೋಮೀಟರ್ ಡಿಗ್ರಿ ಇಳಿಯುತ್ತೆ. ಹಸುನೂ ಸೊರಗುತ್ತೆ."

"ನೀರು ಹಾಕ್ದಿದ್ರೂ?"

"ನೀರು ಹಾಕೋದು ಬೇಡವೇ ಬೇಡ," ಎಂದಳು ರುಬೀನಾ. ಆಮೇಲೆ ತನ್ನ ಮಾತಿಗೆ ತಾನೇ ಅಂಕೆ ಹಾಕಿಕೊಂಡು, "ಇದೊಂದೇ ಕಾರಣ ಅಂತ ನಾನು ಬರ್ಕೊಡೋಕಾಗಲ್ಲ ಅಮ್ಮ. ಬಿಸಿಲು, ಮಳೆ ಬಿದ್ದ ರೀತಿ, ಎಲ್ಲಾ ಸೇರಿರುತ್ತೆ. ಆದ್ರೆ ಇಂಥ ಹುಲ್ಲು ಮೇದೂ ಹಾಲು ಗಟ್ಟಿ ಇರ್ಬೇಕು ಅಂತ ಯಾರಾದ್ರೂ ಹೇಳಿದ್ರೆ, ಅದು ತಪ್ಪು," ಎಂದಳು. ಅಮ್ಮ ಯಾಕೆ ಸೆರಗಿನಿಂದ ಮುಖ ಮುಚ್ಚಿಕೊಂಡಳು ಎಂದು ಅವಳಿಗೆ ತಿಳಿಯಲಿಲ್ಲ.

ಮರುದಿನ ಮಧ್ಯಾಹ್ನದ ಬಸ್ಸಿಗೆ ಶಕುಂತಲಮ್ಮ ಅಜ್ಜಂಪುರಕ್ಕೆ ಹೋದಳು. ಕರಿಯಮ್ಮನ ಮಗಳು ಶರ್ಮಿಳಾ ಬಾಗಿಲು ತೆರೆದು, ಮುಖ ನೋಡಿ, ಒಳಗೆ ಕರೆಯಬೇಕೋ ಬೇಡವೋ ಎಂಬಂತೆ ನಿಂತಳು.

"ಅವ್ವ ಯಾರಿಗೂ ಸಿಗಲ್ಲ ಕಣಕ್ಕ," ಎಂದಳು ತಗ್ಗಿದ ದನಿಯಲ್ಲಿ. "ಊರ ಕಡೆಯೋರು ಬಂದ್ರೆ ಒಳಗೋಗಿ ಬಾಗ್ಲು ಹಾಕ್ಕಳ್ತಾಳೆ. ಮೊನ್ನೆ ಬಸ್‌ಸ್ಟ್ಯಾಂಡಲ್ಲಿ ನಿಮ್ಮೂರೋರು ಯಾರನ್ನೋ ಕಂಡು, ಸೆರಗು ಮುಖಕ್ಕೆಳ್ಕಂಡು ಕಂಬದ ಹಿಂದೆ ನಿಂತ್ಬಿಟ್ಳು. ನನ್ನ ಮಗಳು ಧನ್ಯಶ್ರೀ ಜೊತೇಲಿದ್ದಳು. ಯಾಕಜ್ಜಿ, ನೀನೇನ್ ಮಾಡಿದ್ದೆ ಅಂತ ಕೇಳಿದಳಂತೆ. ಅವತ್ತು ಅವ್ವ ಊಟ ಮಾಡ್ಲಿಲ್ಲ."

ಕರಿಯಮ್ಮ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಎರಡೇ ತಿಂಗಳಲ್ಲಿ ಕುಗ್ಗಿಹೋಗಿದ್ದಳು. ಶಕುಂತಲಮ್ಮ ಅವಳ ಎದುರು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ರುಬೀನಾ ಹೇಳಿದ್ದು, ಗರಿಯ ಮೇಲಿನ ಮಸಿ, ಗುಂಡಿಯ ಹೊಗೆ. ಹೇಳುತ್ತ ಹೇಳುತ್ತ ಅಳು ಬಂತು. "ತಪ್ಪಾಯ್ತು ಕರಿಯಕ್ಕ. ನಿನ್ನ ಹಾಲು ಕುಡಿದ ಮನೆ ನಂದು. ಬಾಯಿಬಿಟ್ಟು ಒಂದು ಮಾತು ನಿನ್ನ ಪರವಾಗಿ ಆಡ್ಲಿಲ್ಲ. ಕಾಲಿಗೆ ಬೀಳ್ತೀನಿ," ಎಂದು ಬಾಗಿದಳು.

ಕರಿಯಮ್ಮ ಕಾಲು ಹಿಂದಕ್ಕೆಳೆದುಕೊಂಡಳು. ಬಹಳ ಹೊತ್ತು ಕಾಯಿ ಸುಲಿದಳು.

"ನಾನೂ ಹೇಳಿದ್ದೆ, ಹುಲ್ಲಲ್ಲಿ ಏನೂ ಇಲ್ಲ ಅಂತ," ಎಂದಳು ಕೊನೆಗೆ. "ಓದಿದ ಹುಡುಗಿ ಹೇಳಿದ್ಮ್ಯಾಕೆ ನಿಂಗೆ ಕೇಳಿಸ್ತು."

"ಹೂಂ ಕಣಕ್ಕ."

"ಇದನ್ನ ಅಲ್ಲಿ ಹೇಳ್ದ್ಯಾ? ಡೇರೀಲಿ?"

"ಇಲ್ಲ. ಮೊದ್ಲು ನಿಂತಾವ ಬಂದೆ."

"ನನ್ನ ಕಳ್ಳಿ ಅಂದಿದ್ದು ನಾಕು ಜನದ ಮುಂದೆ. ತಪ್ಪಾಯ್ತು ಅನ್ನೋದು ಅಡುಗೆಮನೇಲಾ?" ಎಂದಳು ಕರಿಯಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವಿತ್ತು. "ಟೀ ಕುಡಿದು ಹೋಗು. ಪಾಕೀಟು ಹಾಲಿಂದು. ನಂಗೆ ಸೇರಲ್ಲ, ನೀನು ಕುಡಿ."

ಆ ಸಂಜೆ ಮನೆಯಲ್ಲಿ ಕೆಂಚಪ್ಪ ಹೆಂಡತಿಯ ಮಾತನ್ನೆಲ್ಲ ಕೇಳಿ ಮೊದಲು ನಕ್ಕ. ಆಮೇಲೆ ರೇಗಿದ. "ಅಲ್ಲ ಕಣೇ, ನನ್ನ ಆರು ಗುಂಡಿಯಿಂದ ಲೋಕದ ಗಾಳಿ ಕೆಡ್ತದಾ? ಹೈವೇಲಿ ದಿನಾ ಎಷ್ಟು ಲಾರಿ ಓಡ್ತಾವೆ, ಅವುಕ್ಕೆ ಯಾರು ಹೇಳ್ತಾರೆ? ದೊಡ್ಡ ದೊಡ್ಡ ಫ್ಯಾಕ್ಟ್ರಿಯೋರು ಆರಾಮಾಗವ್ರೆ. ಚಿಪ್ಪು ಸುಮ್ನೆ ಕೊಳೀತಾ ಬಿದ್ದಿದ್ವು, ನಾನು ಆರು ಮನೆಗೆ ಕೆಲಸ ಕೊಟ್ಟಿದ್ದೀನಿ. ನಾಳೆಯಿಂದ ಬರಬ್ಯಾಡಿ ಅಂದ್ರೆ ಅವ್ರು ಎಲ್ಲಿಗೋಗ್ತಾರೆ?"

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅದು ಶಕುಂತಲಮ್ಮನಿಗೂ ಗೊತ್ತಿತ್ತು.

"ಲೋಕದ್ದು ನಂಗೊತ್ತಿಲ್ಲ," ಎಂದಳು. "ಬೇಲಿ ಪಕ್ಕದ್ದು ಮಾತ್ರ ನಮ್ದು. ನಾಳೆ ಡೇರೀಲಿ ಹೇಳ್ತೀನಿ."

"ಹೆಸರು ಹೇಳ್ತೀಯಾ? ಗಂಡನ ಹೆಸರು?"

"ಕರಿಯಕ್ಕನ ಹೆಸರು ಹೇಳ್ದಾಗ ನಂಗೆ ನಾಲಿಗೆ ತಡೀಲಿಲ್ಲ ಕಣ್ರೀ."

ಕೆಂಚಪ್ಪ ಎದ್ದು ಹೊರಗೆ ಹೋದ.

ಬೆಳಿಗ್ಗೆ ಕ್ಯಾನುಗಳ ಸಾಲು ಎಂದಿನಂತೆಯೇ ಇತ್ತು. ಶಕುಂತಲಮ್ಮ ಅಳತೆಗೆ ಕೈ ಹಾಕದೆ ಬಾಗಿಲಲ್ಲಿ ನಿಂತು, ಎಲ್ಲರೂ ಇತ್ತ ನೋಡುವವರೆಗೂ ಕಾದಳು. ತನ್ನ ಮಾತನ್ನು ಎಲ್ಲಿಂದ ಶುರುಮಾಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದಳು. ಬಾಯಿ ತೆರೆದಾಗ ಅದೊಂದೂ ನೆನಪಿಗೆ ಬರಲಿಲ್ಲ.

"ಕರಿಯಕ್ಕ ನೀರು ಹಾಕಿರ್ಲಿಲ್ಲ," ಎಂದಳು.

ಆಮೇಲೆ ಉಳಿದದ್ದು ತಾನಾಗಿ ಬಂತು. ಹುಲ್ಲು ಎತ್ತರವಾಗಿ ಟೊಳ್ಳಾದದ್ದು, ನೆಲದ ಬಳ್ಳಿಗಳು ಸತ್ತದ್ದು, ಬೇಲಿಯ ಪಕ್ಕದ ಮಸಿ. "ಆ ಹೊಗೆ ನಮ್ಮ ಗುಂಡೀದು. ಬೇರೆ ಕಡೇದೂ ಇರ್ಬೋದು, ದೂರದ್ದೂ ಇರ್ಬೋದು. ಆದ್ರೆ ನಮ್ದೂ ಐತೆ. ಅವ್ಳು ಹುಲ್ಲಲ್ಲಿ ಸತ್ವ ಇಲ್ಲ ಅಂತ ಹೇಳ್ತಾನೇ ಇದ್ಲು. ಕಡ್ಡಿ ನಿಜಾನೇ ಹೇಳಿತ್ತು, ಸುಳ್ಳು ಹೇಳಿದ್ದು ನಾನು. ನಾನು ಕಾರ್ಯದರ್ಶಿ ಆಗಿರೋದು ಬ್ಯಾಡ ಅಂದ್ರೆ ಇವತ್ತೇ ಕೀ ಕೊಡ್ತೀನಿ."

ಹುಣಸೆಮರದ ಕೆಳಗೆ ಕೆಂಚಪ್ಪ ನಿಂತಿದ್ದ. ಯಾವಾಗ ಬಂದನೋ ಯಾರೂ ನೋಡಿರಲಿಲ್ಲ. ಎಲ್ಲರ ಕಣ್ಣೂ ಅವನ ಕಡೆ ತಿರುಗಿದಾಗ ಅವನು ಎರಡು ಹೆಜ್ಜೆ ಮುಂದೆ ಬಂದ.

"ಹೂಂ, ನಮ್ದೇ ಹೊಗೆ. ಇವತ್ತು ಬೆಂಕಿ ಹಾಕಿಲ್ಲ," ಎಂದ. "ಕೆಲಸದೋರಿಗೆ ಏನ್ ಹೇಳ್ಬೇಕೋ ನಂಗೆ ತಿಳೀತಿಲ್ಲ. ಹೊಗೆ ಬರದಂಗೆ ಸುಡೋ ದಾರಿ ಏನಾರ ಐತಾ ಅಂತ ಕೇಳ್ತೀನಿ. ಸಿಕ್ಕೋವರ್ಗೂ ಹಾಕಲ್ಲ."

ಯಶೋದಾ ತನ್ನ ಕ್ಯಾನಿನ ಮುಚ್ಚಳವನ್ನು ತೆಗೆಯುತ್ತ ಹಾಕುತ್ತ ಇದ್ದಳು. 'ನೀರಕ್ಕ' ಎಂಬ ಹೆಸರು ಮೊದಲು ಬಿದ್ದದ್ದು ಅವಳ ಬಾಯಿಂದಲೇ ಇರಬೇಕು. ಅವಳಿಗೂ ಸರಿಯಾಗಿ ನೆನಪಿಲ್ಲ. "ಕರಿಯಕ್ಕಂಗೆ ಫೋನ್ ಹಚ್ಚು ಶಕುಂತಲಕ್ಕ," ಎಂದಳು. "ಎಲ್ಲಾರ್ಗೂ ಕೇಳಂಗೆ ಹಚ್ಚು."

ಶರ್ಮಿಳಾ ಫೋನೆತ್ತಿ, ಸ್ವಲ್ಪ ಹೊತ್ತಿಗೆ ತಾಯಿಯ ಕೈಗೆ ಕೊಟ್ಟಳು. ಆಚೆಯಿಂದ ಉಸಿರಿನ ಸದ್ದು ಮಾತ್ರ ಬರುತ್ತಿತ್ತು.

"ಕರಿಯಕ್ಕ, ನಾನು ಯಶೋದಾ. ಡೇರಿ ಮುಂದಿದ್ದೀವಿ, ಎಲ್ಲಾರೂ ಅವ್ರೆ. ಶಕುಂತಲಕ್ಕ ಎಲ್ಲಾ ಹೇಳಿದ್ಲು. ನೀನು ನೀರು ಬೆರ್ಸಿರ್ಲಿಲ್ಲ. ನಾವು ಬಾಯಿಗೆ ಬಂದಂಗೆ ಅಂದ್ಬಿಟ್ವಿ. 'ನೀರಕ್ಕ' ಅಂತ ಇನ್ನೊಬ್ರು ಅಂದ್ರೆ ನಾನು ಸುಮ್ನಿರಲ್ಲ. ತಪ್ಪಾಯ್ತು ಅಕ್ಕ."

ಬೇರೆ ಹೆಂಗಸರೂ ಒಬ್ಬೊಬ್ಬರಾಗಿ ಫೋನಿನ ಹತ್ತಿರ ಬಾಗಿ ಅದನ್ನೇ ಹೇಳಿದರು. ಕೆಲವರ ದನಿ ಗಟ್ಟಿಯಾಗಿತ್ತು, ಕೆಲವರದು ಅರ್ಧಕ್ಕೇ ನಿಂತಿತು. ಊರಿಗೆ ವಾಪಸ್ಸು ಬಾ, ಬೇರೆ ಹಸು ಕಟ್ಟು, ಮೇವು ನಾವೇ ಕೊಡ್ತೀವಿ ಎಂದು ಒಬ್ಬಳು ಅಂದಳು.

"ಇಲ್ಲ ಕಣವ್ವಾ. ಇನ್ನು ಹಸ ಕಟ್ಟಲ್ಲ," ಎಂದಿತು ಕರಿಯಮ್ಮನ ದನಿ. "ಅವೆರಡ್ನೂ ಎಲ್ಲಿಗೆ ಕಳಿಸ್ದೆ ಅಂತ ನಂಗೊತ್ತು. ಇನ್ನೊಂದನ್ನ ಕಟ್ಟೋ ಮುಖ ನಂಗಿಲ್ಲ."

ಕರೆ ಕಡಿದುಹೋಯಿತೇನೋ ಎಂದು ಶಕುಂತಲಮ್ಮ ಫೋನು ನೋಡಿದಳು. ಕಡಿದಿರಲಿಲ್ಲ.

"ಹಂಗಾದ್ರೆ," ಎಂದಳು ಕರಿಯಮ್ಮ, ಹೆದರಿ ಹೆದರಿ ಕೇಳುವವಳ ಹಾಗೆ, "ಇನ್ಮ್ಯಾಕೆ ಬಸ್‌ಸ್ಟ್ಯಾಂಡಲ್ಲಿ ನಮ್ಮೂರೋರು ಯಾರಾದ್ರೂ ಸಿಕ್ರೆ, ನಾನು ಮಾತಾಡಿಸ್ಬೋದಾ?"

ಯಶೋದಾ ಕ್ಯಾನಿನ ಪಕ್ಕದಲ್ಲಿ ಕುಸಿದು ಕೂತು ಅತ್ತುಬಿಟ್ಟಳು. ಉಳಿದವರು ಅವಳನ್ನು ಎಬ್ಬಿಸಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ಶಕುಂತಲಮ್ಮ ಎರಡೂ ಕೈಯಲ್ಲಿ ಫೋನು ಹಿಡಿದುಕೊಂಡು, "ಮಾತಾಡ್ಸು ಕರಿಯಕ್ಕ, ಮಾತಾಡ್ಸು," ಎಂದು ಹೇಳುತ್ತಲೇ ಇದ್ದಳು.